ಮನೋಚಿಕಿತ್ಸೆಯಲ್ಲಿ ಅವರವರ ವೇಗ, ಅವರವರ ಆಳ

ಮನೋಚಿಕಿತ್ಸೆಗೆ ಬರುವವರು ಮೊದಲ ದಿನವೇ ಕೇಳುವ ಪ್ರಶ್ನೆ ಒಂದಿದೆ: ‘ಇದು ಎಷ್ಟು ಸೆಷನ್‌ನಲ್ಲಿ ಮುಗಿಯುತ್ತದೆ?’ ಕೆಲವರು ನೇರವಾಗಿ ಕೇಳುತ್ತಾರೆ. ಕೆಲವರು ಜೊತೆಗೆ ಬಂದ ಅಣ್ಣನಿಂದಲೋ ಹೆಂಡತಿಯಿಂದಲೋ ಕೇಳಿಸುತ್ತಾರೆ. ಇನ್ನು ಕೆಲವರು ಎದ್ದು ಬಾಗಿಲವರೆಗೂ ಹೋಗಿ, ಚಿಲಕದ ಮೇಲೆ ಕೈಯಿಟ್ಟುಕೊಂಡು, ಈಗಷ್ಟೇ ನೆನಪಾಯಿತೆಂಬಂತೆ ಕೇಳುತ್ತಾರೆ. ಇದು ನ್ಯಾಯವಾದ ಪ್ರಶ್ನೆ. ಸಮಯ, ಹಣ, ಧೈರ್ಯ ಈ ಮೂರನ್ನೂ ಖರ್ಚು ಮಾಡಲು ಹೊರಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಆದರೂ ಇಷ್ಟು ವರ್ಷ ಈ ಕೆಲಸ ಮಾಡಿದ ಮೇಲೂ ಮೊದಲ ದಿನ ಆ ಪ್ರಶ್ನೆಗೆ ಒಂದು ಸಂಖ್ಯೆಯನ್ನು ಉತ್ತರವಾಗಿ ಕೊಡಲು ನನ್ನಿಂದ ಆಗುವುದಿಲ್ಲ. ಏಕೆ ಆಗುವುದಿಲ್ಲ ಎಂಬುದನ್ನೇ ಇಂದು ನಿಮ್ಮ ಮುಂದೆ ಬಿಡಿಸಿ ಹೇಳಬೇಕೆಂದಿದ್ದೇನೆ.

ಚಿಕಿತ್ಸೆಯನ್ನು ಆರಂಭಿಸುವ ಬಗೆಯನ್ನು ಕುರಿತು, ಮನೋವಿಶ್ಲೇಷಣೆಗೆ ಅಡಿಪಾಯ ಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ 1913ರಲ್ಲಿ ಬರೆದ ಲೇಖನದಲ್ಲಿ ಇದೇ ಪ್ರಶ್ನೆ ಬರುತ್ತದೆ. ಅಲ್ಲಿ ಅವರು ಈಸೋಪನ ಒಂದು ಕಥೆಯನ್ನು ನೆನೆಯುತ್ತಾರೆ. ಇನ್ನೆಷ್ಟು ದೂರ ಎಂದು ಕೇಳಿದ ದಾರಿಹೋಕನಿಗೆ ಜ್ಞಾನಿಯೊಬ್ಬ ‘ನಡೆ’ ಎಂದಷ್ಟೇ ಹೇಳುತ್ತಾನೆ. ಅವನ ಹೆಜ್ಜೆಯನ್ನು ನೋಡದೆ ಹೊತ್ತಿನ ಲೆಕ್ಕ ಹೇಳಲಾಗದು ಎಂಬುದು ಆ ಉತ್ತರದ ಒಳಾರ್ಥ. ಫ್ರಾಯ್ಡ್ ಅಲ್ಲಿಗೇ ನಿಲ್ಲದೆ, ಈ ಹೋಲಿಕೆಗೂ ಒಂದು ಮಿತಿಯಿದೆ ಎನ್ನುತ್ತಾರೆ: ಮನಸ್ಸಿನ ತೊಂದರೆಯಲ್ಲಿರುವ ವ್ಯಕ್ತಿ ನಡುದಾರಿಯಲ್ಲಿ ತನ್ನ ವೇಗವನ್ನೇ ಬದಲಿಸಿಕೊಳ್ಳಬಲ್ಲ. ಕಥೆಗಿಂತ ಈ ತಿದ್ದುಪಡಿಯೇ ನನಗೆ ಮುಖ್ಯವೆನಿಸುತ್ತದೆ. ಮೊದಲ ಹತ್ತು ಹೆಜ್ಜೆಗಳನ್ನು ನೋಡಿ ಉಳಿದ ದಾರಿಯನ್ನು ಊಹಿಸಲೂ ಇಲ್ಲಿ ಸಾಧ್ಯವಿಲ್ಲ ಎಂದಾಯಿತು.

ಫ್ರಾಯ್ಡ್ ಅವರ ಬದುಕಿನಲ್ಲಿ 1910ನೇ ಇಸವಿಯೊಂದನ್ನೇ ನೋಡಿ. ಆ ವರ್ಷದ ಆಗಸ್ಟ್‌ನಲ್ಲಿ ಸಂಗೀತ ಸಂಯೋಜಕ ಗುಸ್ಟಾವ್ ಮಾಹ್ಲರ್ ದಾಂಪತ್ಯದ ಬಿಕ್ಕಟ್ಟಿನಲ್ಲಿ ಸಿಕ್ಕಿ, ಹಾಲೆಂಡಿನ ಲೈಡನ್ ನಗರದಲ್ಲಿ ಅವರನ್ನು ಕಂಡರು. ಇಬ್ಬರೂ ಸುಮಾರು ನಾಲ್ಕು ಗಂಟೆ ಕಾಲ ಊರಿನಲ್ಲಿ ನಡೆದಾಡುತ್ತ ಮಾತನಾಡಿದರು. ಚಿಕಿತ್ಸೆ ಎಂದು ನಡೆದದ್ದು ಅಷ್ಟೇ. ಅದೇ ವರ್ಷದ ಆರಂಭದಲ್ಲಿ ಅವರ ಬಳಿಗೆ ಬಂದಿದ್ದ, ಮುಂದೆ ‘ತೋಳ ಮನುಷ್ಯ’ ಎಂದು ವೈದ್ಯಕೀಯ ಬರಹಗಳಲ್ಲಿ ಹೆಸರಾದ ರಷ್ಯದ ಯುವಕ 1914ರವರೆಗೂ ಬರುತ್ತಲೇ ಇದ್ದ. ಫ್ರಾಯ್ಡ್ ಹೇಳಿದ್ದನ್ನೆಲ್ಲ ಆತ ವಿನಯದಿಂದ ಕೇಳುತ್ತಿದ್ದ, ಅರ್ಥ ಮಾಡಿಕೊಳ್ಳುತ್ತಿದ್ದ, ಆದರೆ ಒಳಗೆ ಏನೂ ಕದಲುತ್ತಿರಲಿಲ್ಲ. ಕೊನೆಗೆ ಫ್ರಾಯ್ಡ್ ಮುಕ್ತಾಯಕ್ಕೆ ಗಡುವು ಹಾಕಿದರು. ಆ ಗಡುವಿನ ಒತ್ತಡದಲ್ಲಿ ಅದುವರೆಗೆ ಹೊರಬರದಿದ್ದ ಎಷ್ಟೋ ಸಂಗತಿಗಳು ಹೊರಬಂದವು. ಆದರೆ ಆತನಿಗೆ ಮುಂದೆಯೂ ಮತ್ತೆ ಮತ್ತೆ ಚಿಕಿತ್ಸೆ ಬೇಕಾಯಿತು. 1937ರಲ್ಲಿ ಫ್ರಾಯ್ಡ್ ಈ ಗಡುವಿನ ಉಪಾಯವನ್ನು ಹಿಂತಿರುಗಿ ನೋಡಿದಾಗ, ಅದು ಒಂದಷ್ಟನ್ನು ಹೊರಗೆಳೆಯುತ್ತದೆ, ಉಳಿದದ್ದನ್ನು ಇನ್ನೂ ಒಳಗೆ ತಳ್ಳಿಬಿಡಬಹುದು ಎಂದು ಒಪ್ಪಿಕೊಂಡರು. ಒಬ್ಬನೇ ಚಿಕಿತ್ಸಕ, ಒಂದೇ ವರ್ಷ. ಒಬ್ಬರಿಗೆ ನಾಲ್ಕು ಗಂಟೆ, ಇನ್ನೊಬ್ಬರಿಗೆ ನಾಲ್ಕು ವರ್ಷವೂ ಸಾಲದು.

ಇದು ಹಳೆಯ ಕಾಲದ ಕಥೆ, ಈಗ ಅಂಕಿಅಂಶಗಳಿವೆಯಲ್ಲ ಎಂದು ನೀವು ಕೇಳಬಹುದು. ಇವೆ. 1986ರಲ್ಲಿ ಕೆನೆತ್ ಹೋವರ್ಡ್ ಮತ್ತು ಸಹೋದ್ಯೋಗಿಗಳು ಮೂವತ್ತು ವರ್ಷಗಳ ಅವಧಿಯ 15 ಅಧ್ಯಯನಗಳನ್ನು, ಒಟ್ಟು 2,400ಕ್ಕೂ ಹೆಚ್ಚು ಜನರ ಚಿಕಿತ್ಸೆಯ ದಾಖಲೆಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಎಂಟನೆಯ ಸೆಷನ್ ಹೊತ್ತಿಗೆ ಸರಿಸುಮಾರು ಅರ್ಧದಷ್ಟು ಜನರಲ್ಲಿ, ಇಪ್ಪತ್ತಾರನೆಯದರ ಹೊತ್ತಿಗೆ ಮುಕ್ಕಾಲು ಪಾಲು ಜನರಲ್ಲಿ ಅಳೆಯಬಹುದಾದ ಸುಧಾರಣೆ ಕಂಡಿತ್ತು. ಈ ಅಂಕಿಗಳು ಉಪಯುಕ್ತ. ಚಿಕಿತ್ಸೆ ಎಂದರೆ ಜೀವಮಾನದ ಶಿಕ್ಷೆ ಎಂದು ಹೆದರುವವರಿಗೆ ನಾನೂ ಇವನ್ನು ಹೇಳುತ್ತೇನೆ. ಆದರೆ ಇದು ಸಾವಿರಾರು ಜನರ ಹೆಜ್ಜೆಗಳನ್ನು ಒಂದರ ಮೇಲೊಂದು ಇಟ್ಟು ಎಳೆದ ಗೆರೆ. ಆ ಗೆರೆಯ ಮೇಲೆಯೇ ನಡೆದ ಒಬ್ಬ ಮನುಷ್ಯನನ್ನೂ ನಾನು ಕಂಡಿಲ್ಲ.

ಇದಕ್ಕೆ ಸ್ವಾರಸ್ಯಕರವಾದ ಮುಂದುವರಿಕೆಯಿದೆ. ಬ್ರಿಟನ್ನಿನಲ್ಲಿ ಮೈಕೇಲ್ ಬಾರ್ಕಮ್, ವಿಲಿಯಂ ಸ್ಟೈಲ್ಸ್ ಮುಂತಾದವರು ಚಿಕಿತ್ಸಾ ಕೇಂದ್ರಗಳ ದಾಖಲೆಗಳನ್ನು ಬೇರೊಂದು ರೀತಿಯಲ್ಲಿ ಓದಿದರು. ಕೆಲವೇ ಸೆಷನ್‌ಗಳಲ್ಲಿ ಮುಗಿಸಿ ಹೋದವರನ್ನು ಒಂದೆಡೆ, ಬಹಳ ಕಾಲ ಬಂದವರನ್ನು ಇನ್ನೊಂದೆಡೆ ಇಟ್ಟು ನೋಡಿದಾಗ, ಚೇತರಿಸಿಕೊಂಡವರ ಪ್ರಮಾಣ ಹೆಚ್ಚು ಬಂದವರಲ್ಲಿ ಹೆಚ್ಚಾಗೇನೂ ಇರಲಿಲ್ಲ. ಹಾಗಾದರೆ ಹೆಚ್ಚಿನ ಸೆಷನ್‌ಗಳೆಲ್ಲ ವ್ಯರ್ಥವೇ? ಅವರು ಕಂಡುಕೊಂಡ ಅರ್ಥ ಬೇರೆ. ಜನ ತಮಗೆ ಸಾಕೆನಿಸುವಷ್ಟು ಸುಧಾರಣೆ ಆದಾಗ ನಿಲ್ಲಿಸುತ್ತಾರೆ. ಬೇಗ ಬದಲಾದವರು ನಾಲ್ಕಕ್ಕೇ ಹೊರಟರು, ನಿಧಾನವಾಗಿ ಬದಲಾಗುವವರು ನಲವತ್ತರವರೆಗೂ ಬಂದರು. ಸೆಷನ್‌ಗಳ ಸಂಖ್ಯೆ ಬದಲಾವಣೆಯ ವೇಗವನ್ನು ನಿರ್ಧರಿಸಲಿಲ್ಲ. ಬದಲಾವಣೆಯ ವೇಗವೇ ಸಂಖ್ಯೆಯನ್ನು ನಿರ್ಧರಿಸಿತು. ಈ ಒಂದು ಸಂಗತಿ ಗೊತ್ತಿದ್ದರೆ, ‘ನನ್ನ ಗೆಳತಿ ಆರು ಸಲಕ್ಕೇ ಸರಿಹೋದಳು, ನನಗೆ ಮಾತ್ರ ಏಕೆ ಹೀಗೆ’ ಎಂದು ತಲೆ ತಗ್ಗಿಸಿ ಕೂರುವ ಎಷ್ಟೋ ಜನರ ಎದೆ ಹಗುರಾದೀತು.

ಇನ್ನು ಕೆಲವು ತೊಂದರೆಗಳ ಸ್ವರೂಪವೇ ಅಂಥದ್ದು, ಅವಕ್ಕೆ ಹೆಚ್ಚು ಕಾಲ ಬೇಡ. ಸ್ವೀಡನ್ನಿನ ಲಾರ್ಸ್-ಯೋರಾನ್ ಓಸ್ಟ್ 1989ರಲ್ಲಿ ವಿವರಿಸಿದ ವಿಧಾನದಲ್ಲಿ ಜೇಡ, ನಾಯಿ, ಚುಚ್ಚುಮದ್ದು ಇಂಥ ನಿರ್ದಿಷ್ಟ ಭಯಗಳನ್ನು ಒಂದೇ ಸೆಷನ್‌ನಲ್ಲಿ, ಹೆಚ್ಚೆಂದರೆ ಮೂರು ಗಂಟೆಯಲ್ಲಿ, ಎದುರಿಸಲು ಕಲಿಸಲಾಗುತ್ತದೆ. ಭಯದ ವಸ್ತುವಿನ ಹತ್ತಿರ ಸ್ವಲ್ಪ ಸ್ವಲ್ಪವೇ ಹೋಗುವುದು, ಭಯ ಇಳಿಯುವವರೆಗೆ ಅಲ್ಲೇ ನಿಲ್ಲುವುದು, ಮತ್ತೊಂದು ಹೆಜ್ಜೆ ಇಡುವುದು. ಇಂಥ ಕೆಲಸ ಮೇಲುಮೇಲಿನದು ಎನ್ನುವವರನ್ನು ನಾನು ಕಂಡಿದ್ದೇನೆ. ಮಗಳನ್ನು ಆಟದ ಮೈದಾನಕ್ಕೆ ಕರೆದುಕೊಂಡು ಹೋಗಲು ಎಂಟು ವರ್ಷ ಹೆದರಿದ್ದ ತಂದೆಯೊಬ್ಬ, ಕಟ್ಟಿದ ನಾಯಿಯ ನೆತ್ತಿಯ ಮೇಲೆ ಮೊದಲ ಬಾರಿಗೆ ಎರಡು ಬೆರಳಿಟ್ಟು, ಆ ಬೆರಳುಗಳನ್ನೇ ನೋಡುತ್ತ ನಿಂತದ್ದನ್ನು ಅವರು ಕಂಡಿದ್ದರೆ ಹಾಗೆನ್ನುತ್ತಿರಲಿಲ್ಲ.

ನಾನು ಹೇಳುತ್ತಿರುವ ಇಂಥ ವ್ಯಕ್ತಿಗಳು ಯಾರೊಬ್ಬರ ಪ್ರತಿರೂಪವೂ ಅಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಲವರ ಬದುಕಿನ ಎಳೆಗಳನ್ನು ಬೆರೆಸಿ, ಗುರುತು ಸಿಗದಂತೆ ಬದಲಿಸಿ ಹೇಳುತ್ತಿದ್ದೇನೆ. ನನ್ನ ಕೋಣೆಯಲ್ಲಿ ಆಡಿದ ಮಾತು ಆ ಕೋಣೆಯಲ್ಲೇ ಉಳಿಯುತ್ತದೆ.

ಈಗ ಆಳದ ವಿಷಯಕ್ಕೆ ಬರೋಣ. ‘ಆಳ’ ಎಂದ ಕೂಡಲೇ ನಮ್ಮ ಕಲ್ಪನೆ ಬಾಲ್ಯಕ್ಕೆ ಹೋಗುತ್ತದೆ, ಮುಚ್ಚಿಟ್ಟ ಗುಟ್ಟುಗಳಿಗೆ ಹೋಗುತ್ತದೆ, ಕಣ್ಣೀರಿಗೆ ಹೋಗುತ್ತದೆ. ಎಷ್ಟು ನೋವಿನ ವಿಷಯ ಹೇಳಿದರೋ ಅಷ್ಟು ಆಳಕ್ಕೆ ಇಳಿದರು ಎಂದು ಭಾವಿಸುತ್ತೇವೆ. ಇದು ಸರಿಯಲ್ಲವೆಂದು ನನಗೆ ಮನವರಿಕೆ ಮಾಡಿಕೊಟ್ಟದ್ದು ಯೂಜೀನ್ ಜೆಂಡ್ಲಿನ್ ಅವರ ಕೆಲಸ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ರೋಜರ್ಸ್ ಅವರ ಬಳಗದಲ್ಲಿದ್ದ ಅವರು, ಧ್ವನಿಮುದ್ರಿತ ಸೆಷನ್‌ಗಳನ್ನು ಕೇಳುತ್ತ ಗಮನಿಸಿದ್ದು, ಜನ ಏನು ಹೇಳುತ್ತಾರೆ ಎಂಬುದಕ್ಕಿಂತ ಹೇಗೆ ಹೇಳುತ್ತಾರೆ ಎಂಬುದನ್ನು. ಚಿಕಿತ್ಸೆಯಿಂದ ಪ್ರಯೋಜನ ಪಡೆಯುವವರ ಮಾತು ನಡುನಡುವೆ ತಡವರಿಸುತ್ತಿತ್ತು. ಒಂದು ಪದ ಹೇಳುತ್ತಾರೆ, ‘ಅಲ್ಲ, ಅದಲ್ಲ’ ಎನ್ನುತ್ತಾರೆ, ಒಳಗಿನ ಯಾವುದೋ ಅಸ್ಪಷ್ಟ ಅನಿಸಿಕೆಯನ್ನು ಮುಟ್ಟಿ ನೋಡಿ ಮತ್ತೊಂದು ಪದ ಹುಡುಕುತ್ತಾರೆ. ಇದನ್ನು ಅಳೆಯಲು ಮುಂದೆ ಏಳು ಹಂತಗಳ ಮಾಪಕವೊಂದೂ ಸಿದ್ಧವಾಯಿತು. ಅದರ ತಳದಲ್ಲಿ ಯಾರದೋ ಸುದ್ದಿ ಹೇಳಿದಂತೆ ಹೇಳುವ ಮಾತು; ಮೇಲೆ ಹೋದಂತೆಲ್ಲ ಈ ಕ್ಷಣ ಒಳಗೆ ಆಗುತ್ತಿರುವುದನ್ನು ಮುಟ್ಟುತ್ತ, ಅದರಿಂದ ಹೊಸದನ್ನು ಕಂಡುಕೊಳ್ಳುವ ಮಾತು.

ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿ ಇಡುತ್ತೇನೆ. ಒಬ್ಬರು ಮೊದಲ ದಿನವೇ ತಂದೆಯ ಹೊಡೆತ, ತಾಯಿಯ ಸಾವು, ಮುರಿದ ಮದುವೆ ಎಲ್ಲವನ್ನೂ ಇಸವಿ ಸಮೇತ, ಒಂದೂ ಬಿಡದೆ, ನಲವತ್ತು ನಿಮಿಷದಲ್ಲಿ ಹೇಳಿ ಮುಗಿಸಿದರು. ಹಿಂದೆ ಮೂವರು ಆಪ್ತಸಮಾಲೋಚಕರಿಗೆ ಹೇಳಿ ಹೇಳಿ ಆ ಕಥೆ ನುಣುಪಾಗಿತ್ತು. ಅದರ ಮೇಲೆ ಅವರ ಬೆರಳೂ ನಿಲ್ಲುತ್ತಿರಲಿಲ್ಲ, ನನ್ನ ಬೆರಳೂ ನಿಲ್ಲುತ್ತಿರಲಿಲ್ಲ. ಇನ್ನೊಬ್ಬಾಕೆ ಅದೇ ವಾರ ಹೇಳಿದ್ದು, ಹಿಂದಿನ ದಿನ ಅಂಗಡಿಯ ಸರದಿಯಲ್ಲಿ ಯಾರೋ ತನ್ನನ್ನು ದಾಟಿ ಮುಂದೆ ಹೋದದ್ದನ್ನು. ‘ಸಿಟ್ಟು ಬಂತು’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಿಟ್ಟಲ್ಲ’ ಎಂದರು. ಅಂಗೈಯನ್ನು ಎದೆಯ ಕೆಳಗೆ ಒತ್ತಿ ಹಿಡಿದುಕೊಂಡು ನೆಲ ನೋಡುತ್ತಿದ್ದರು. ‘ನಾನು ಅಲ್ಲಿ ನಿಂತೇ ಇರಲಿಲ್ಲವೇನೋ ಅನ್ನಿಸಿತು’ ಎಂದಾಗ ಅವರ ಧ್ವನಿಯೇ ಬದಲಾಗಿತ್ತು. ಇಬ್ಬರಲ್ಲಿ ಯಾರು ಆಳದಲ್ಲಿದ್ದರು ಎಂದು ನಿಮ್ಮನ್ನು ಕೇಳಿದರೆ ಉತ್ತರ ಕಷ್ಟವಲ್ಲ. ಮೊದಲನೆಯವರನ್ನು ಹಗುರವಾಗಿ ಕಾಣಬಾರದು. ಆ ನುಣುಪು ಅವರನ್ನು ಅಷ್ಟು ವರ್ಷ ಕಾಪಾಡಿತ್ತು. ಅವರೊಂದಿಗೆ ನಾನು ಮಾಡಬೇಕಾಗಿದ್ದ ಕೆಲಸವೆಂದರೆ ಕಥೆಯನ್ನು ಮುಂದಕ್ಕೆ ಓಡಿಸದೆ, ಯಾವುದಾದರೂ ಒಂದು ಸಣ್ಣ ವಾಕ್ಯದ ಬಳಿ ಅವರ ಜೊತೆ ನಿಲ್ಲುವುದು. ಅದಕ್ಕೇ ಐದಾರು ತಿಂಗಳು ಹಿಡಿಯಿತು.

ಹಾಗಾದರೆ ಒಬ್ಬರಿಗೆ ಅಷ್ಟು ಬೇಗ, ಇನ್ನೊಬ್ಬರಿಗೆ ಇಷ್ಟು ನಿಧಾನ ಏಕೆ? ಕಾರಣಗಳು ಅನೇಕ, ಎಲ್ಲವೂ ಒಂದೇ ತೂಕದವಲ್ಲ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡದು ಸುರಕ್ಷಿತ ಭಾವ, ಅದರ ಬಗ್ಗೆಯೇ ಹೆಚ್ಚು ಮಾತನಾಡುತ್ತೇನೆ.

ತೀವ್ರ ಆಘಾತ ಅನುಭವಿಸಿದವರ ನೆನಪು ಬರೀ ನೆನಪಾಗಿ ಬರುವುದಿಲ್ಲ. ಎದೆ ಬಡಿತ ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ, ಕೆಲವರಿಗೆ ಎದುರಿಗಿರುವ ಕೋಣೆಯೇ ಮಸುಕಾಗುತ್ತದೆ. ಡೇನಿಯಲ್ ಸೀಗಲ್ 1999ರಲ್ಲಿ ಬಳಕೆಗೆ ತಂದ ‘ಸಹನೆಯ ಕಿಟಕಿ’ ಎಂಬ ಮಾತು ಇಲ್ಲಿ ನೆರವಿಗೆ ಬರುತ್ತದೆ. ಉದ್ವೇಗ ಒಂದು ಮಟ್ಟದೊಳಗೆ ಇದ್ದಾಗ ಮನುಷ್ಯ ಅನುಭವಿಸುತ್ತಲೇ ಯೋಚಿಸಬಲ್ಲ; ಅದನ್ನು ಮೀರಿದಾಗ ಭೀತಿ ಆವರಿಸುತ್ತದೆ, ಇಲ್ಲವೇ ಎಲ್ಲವೂ ಮರಗಟ್ಟುತ್ತದೆ. ಈ ಕಿಟಕಿ ಕೆಲವರಲ್ಲಿ ಅಗಲವಾಗಿರುತ್ತದೆ, ಚಿಕ್ಕಂದಿನಿಂದ ಪದೇಪದೇ ನೊಂದವರಲ್ಲಿ ಬಹಳ ಕಿರಿದಾಗಿರುತ್ತದೆ. ಜೂಡಿತ್ ಹರ್ಮನ್ 1992ರಲ್ಲಿ ಆಘಾತದಿಂದ ಚೇತರಿಸಿಕೊಳ್ಳುವುದನ್ನು ಮೂರು ಹಂತಗಳಲ್ಲಿ ವಿವರಿಸುವಾಗ ಸುರಕ್ಷತೆಯನ್ನು ಮೊದಲಿಗಿಟ್ಟು, ನೆನೆಯುವುದು ಮತ್ತು ಶೋಕಿಸುವುದನ್ನು ಎರಡನೆಯದಾಗಿ, ಜನರೊಂದಿಗೆ ಮತ್ತೆ ಬೆರೆಯುವುದನ್ನು ಮೂರನೆಯದಾಗಿ ಇಟ್ಟರು. ನಿದ್ದೆ ಸರಿಯಿಲ್ಲದ, ಹಿಂಸಿಸುವವರ ಜೊತೆಗೇ ಇನ್ನೂ ಬದುಕುತ್ತಿರುವ ವ್ಯಕ್ತಿಯ ಹಳೆಯ ಗಾಯವನ್ನು ಬಿಚ್ಚಿ ನೋಡುವ ಮುನ್ನ ಈ ಕ್ರಮವನ್ನು ನೆನಪಿಗೆ ತಂದುಕೊಳ್ಳಬೇಕು.

ಬೇಗ ಆಳಕ್ಕೆ ಇಳಿಸುವುದು ಬರೀ ನಿಷ್ಫಲವಾಗುತ್ತದೆ ಎಂದುಕೊಳ್ಳಬೇಡಿ. ಅದು ಹಾನಿಯನ್ನೂ ಮಾಡಬಹುದು. ದುರಂತ ನಡೆದ ಕೆಲವೇ ದಿನಗಳಲ್ಲಿ ಒಂದೇ ಸಲ ಕೂರಿಸಿ, ನಡೆದದ್ದನ್ನೆಲ್ಲ ಹೇಳಿಸಿ, ಭಾವನೆಗಳನ್ನು ಹೊರಹಾಕಿಸುವ ಪದ್ಧತಿ 1980ರ ದಶಕದಿಂದ ಬಹಳ ಜನಪ್ರಿಯವಾಗಿತ್ತು. ಸದುದ್ದೇಶದ ಕೆಲಸವೇ ಅದು. ಆದರೆ ಪ್ರಯೋಗಗಳನ್ನೆಲ್ಲ ಕಲೆಹಾಕಿ ನೋಡಿದಾಗ ಅದು ಮುಂದಿನ ಆಘಾತೋತ್ತರ ಒತ್ತಡವನ್ನು ತಡೆಯುತ್ತದೆ ಎನ್ನಲು ಪುರಾವೆ ಸಿಗಲಿಲ್ಲ. 1997ರಲ್ಲಿ ಪ್ರಕಟವಾದ, ಸುಟ್ಟ ಗಾಯಗಳಾದವರ ಒಂದು ಅಧ್ಯಯನದಲ್ಲಿ ಹದಿಮೂರು ತಿಂಗಳ ನಂತರ ಈ ತೊಂದರೆ ಹೀಗೆ ಮಾತನಾಡಿಸಲಾದವರಲ್ಲಿ ಶೇ. 26ರಷ್ಟು, ಮಾತನಾಡಿಸದೆ ಬಿಟ್ಟವರಲ್ಲಿ ಶೇ. 9ರಷ್ಟು ಇತ್ತು. ಮೊದಲ ಗುಂಪಿನವರ ಸಂಕಟ ಆರಂಭದಲ್ಲೇ ಹೆಚ್ಚಿತ್ತು ಎಂಬುದನ್ನೂ ಸೇರಿಸಿ ಹೇಳುವುದು ನ್ಯಾಯ. ಆದರೂ ಎಲ್ಲರನ್ನೂ ಒಂದೇ ಗಳಿಗೆಯಲ್ಲಿ, ಒಂದೇ ಆಳಕ್ಕೆ ಇಳಿಸಬಾರದು ಎಂಬ ಎಚ್ಚರ ಅಲ್ಲಿಂದ ನಮ್ಮ ವೃತ್ತಿಗೆ ಬಂತು. ಹಕ್ಕಳೆ ತಾನಾಗಿ ಉದುರುವ ಮೊದಲು ಕಿತ್ತರೆ ಏನಾಗುತ್ತದೆ ಎಂಬುದು ಮಕ್ಕಳಿಗೂ ಗೊತ್ತು. ಮನಸ್ಸಿನ ವಿಷಯ ಬಂದಾಗ ಮಾತ್ರ ನಾವು ಅದನ್ನು ಮರೆಯುತ್ತೇವೆ.

ನಾನೂ ಮರೆತಿದ್ದೇನೆ. ಕೆಲಸಕ್ಕೆ ಸೇರಿದ ಮೊದಮೊದಲ ವರ್ಷಗಳಲ್ಲಿ ಒಬ್ಬ ಯುವಕ ಬಂದ. ಅರ್ಧ ಗಂಟೆಯಲ್ಲಿ ಮಾತು ಅವನ ತಮ್ಮನ ಸಾವಿನ ಹತ್ತಿರ ಬಂದು ನಿಂತಿತು. ನಾನು ಕೇಳಿದೆ, ಮತ್ತೆ ಕೇಳಿದೆ, ಅವನು ಹೇಳುತ್ತಲೇ ಹೋದ, ಬಿಕ್ಕಿ ಬಿಕ್ಕಿ ಅತ್ತ. ಸಮಯ ಮುಗಿದಾಗ ಕೆಂಪಗಾದ ಕಣ್ಣುಗಳಲ್ಲೇ ನನಗೆ ಕೈಮುಗಿದು ಹೋದ. ಅಂದು ನಾನು ಒಂದು ದೊಡ್ಡ ಕೆಲಸವಾಯಿತೆಂದು ಹಿಗ್ಗಿದ್ದೆ. ಅವನು ಮತ್ತೆ ಬರಲಿಲ್ಲ. ಎರಡು ಸಲ ಫೋನ್ ಮಾಡಿದೆ, ತೆಗೆಯಲಿಲ್ಲ. ಹೇಳಿಕೊಂಡ ನಂತರ ಆ ರಾತ್ರಿ ಅವನು ಯಾರ ಜೊತೆ ಇರುತ್ತಾನೆ ಎಂದು ನಾನು ಕೇಳಿರಲಿಲ್ಲ. ಹೇಳುತ್ತಿದ್ದಾಗ ಅವನ ಕಾಲುಗಳು ಬಾಗಿಲ ಕಡೆಗೆ ತಿರುಗಿದ್ದವು ಎಂಬುದು ನನಗೆ ಎಷ್ಟೋ ದಿನಗಳ ಮೇಲೆ ನೆನಪಿಗೆ ಬಂತು. ಈಗ ಯಾರಾದರೂ ಮೊದಲ ದಿನವೇ ಅಷ್ಟು ವೇಗವಾಗಿ ಇಳಿಯತೊಡಗಿದರೆ, ನಾನು ಮಾತನ್ನು ಅರ್ಧಕ್ಕೆ ನಿಲ್ಲಿಸಿ ಕೇಳುತ್ತೇನೆ: ‘ಇದನ್ನು ಇವತ್ತು ಎಷ್ಟು ಹೇಳಿದರೆ ನಾಳೆ ಬೆಳಗ್ಗೆ ನಿಮಗೆ ಸರಿ ಅನ್ನಿಸುತ್ತದೆ?’ ಹೀಗೆ ಕೇಳಿದ ಮೇಲೆ ಬಹಳ ಜನ ಒಂದು ನಿಟ್ಟುಸಿರು ಬಿಡುತ್ತಾರೆ.

ಎರಡನೆಯ ಕಾರಣ ಸ್ವಭಾವಕ್ಕೆ ಸೇರಿದ್ದು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ನಡೆಸಿದ ಖಿನ್ನತೆಯ ದೊಡ್ಡ ಪ್ರಯೋಗದಲ್ಲಿ ಹದಿನಾರು ವಾರಗಳ ಚಿಕಿತ್ಸೆಯಿತ್ತು. ಅದರ ಮಾಹಿತಿಯನ್ನು ಸಿಡ್ನಿ ಬ್ಲಾಟ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಮರಳಿ ಓದಿದಾಗ, ತನ್ನಲ್ಲಿ ಕಿಂಚಿತ್ತೂ ಕೊರತೆ ಇರಬಾರದೆಂದು ತನ್ನನ್ನೇ ಹಿಂಡಿಕೊಳ್ಳುವ ಸ್ವಭಾವದವರಿಗೆ ಯಾವ ಬಗೆಯ ಚಿಕಿತ್ಸೆ ಕೊಟ್ಟರೂ ಫಲ ಕಡಿಮೆ ಎಂದು ಕಂಡುಬಂತು. ಗಮನಿಸಬೇಕಾದ್ದು ಇದು: ಮೊದಲರ್ಧದಲ್ಲಿ ಅವರೂ ಉಳಿದವರಂತೆಯೇ ಸುಧಾರಿಸುತ್ತಿದ್ದರು, ಎರಡನೆಯ ಅರ್ಧದಲ್ಲಿ, ಮುಕ್ತಾಯ ಹತ್ತಿರವಾಗುತ್ತಿದ್ದಂತೆ, ಪ್ರಗತಿ ಕುಂಟಿತು. ನನ್ನ ಕೋಣೆಯಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಚಿಕಿತ್ಸೆಯೂ ಅವರಿಗೆ ಇನ್ನೊಂದು ಪರೀಕ್ಷೆಯಾಗುತ್ತದೆ. ಮನೆಯಲ್ಲಿ ಮಾಡಿ ತರಲು ಅಭ್ಯಾಸ ಕೊಟ್ಟರೆ ಅಚ್ಚುಕಟ್ಟಾಗಿ ಬರೆದು ತರುತ್ತಾರೆ, ನಾನು ಹೇಳಿದ್ದನ್ನು ನನಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ, ಆದರೆ ಕೊನೆಯ ದಿನ ಹತ್ತಿರ ಬಂದಾಗ ‘ಇಷ್ಟು ದಿನ ಬಂದರೂ ನಾನು ಪೂರ್ತಿ ಸರಿಹೋಗಿಲ್ಲ’ ಎಂಬ ಅಪರಾಧ ಭಾವ ಅವರನ್ನು ಹಿಡಿದುಕೊಳ್ಳುತ್ತದೆ. ಇಂಥವರಿಗೆ ಕಡಿಮೆ ಅವಧಿಯ ಚಿಕಿತ್ಸೆ ಎಂದರೆ ಗಡಿಯಾರ ನೋಡುತ್ತ ಬರೆಯುವ ಉತ್ತರಪತ್ರಿಕೆ. ಅವರಿಗೆ ಹೆಚ್ಚು ಕಾಲ ಬೇಕು, ಮತ್ತು ಆ ಕಾಲದಲ್ಲಿ ಒಮ್ಮೆಯಾದರೂ ನನ್ನ ಮುಂದೆ ಸೋತು ನೋಡುವ ಅವಕಾಶ ಬೇಕು.

ಮೂರನೆಯ ಕಾರಣ, ಬಂದವರು ತಾವಾಗಿ ಬಂದಿದ್ದಾರೋ ಯಾರೋ ಕಳಿಸಿ ಬಂದಿದ್ದಾರೋ ಎಂಬುದು. ಧೂಮಪಾನ ಬಿಡುವವರನ್ನು ಅಧ್ಯಯನ ಮಾಡಿ ಜೇಮ್ಸ್ ಪ್ರೊಚಾಸ್ಕ ಮತ್ತು ಕಾರ್ಲೊ ಡಿಕ್ಲಿಮೆಂಟಿ 1983ರಲ್ಲಿ ತೋರಿಸಿದಂತೆ, ಬದಲಾಗಬೇಕೆಂದು ಇನ್ನೂ ಅನ್ನಿಸದವರು, ಅನ್ನಿಸಿಯೂ ತೂಗಾಡುತ್ತಿರುವವರು, ಕೈಹಾಕಿದವರು ಒಂದೇ ಜಾಗದಲ್ಲಿ ನಿಂತಿರುವುದಿಲ್ಲ. ತೂಗಾಡುತ್ತಿರುವವರಿಗೆ ಉಪಾಯಗಳ ಪಟ್ಟಿ ಕೊಟ್ಟರೆ ಅವರು ಒಪ್ಪಿದಂತೆ ತಲೆಯಾಡಿಸಿ ಮನೆಗೆ ಹೋಗುತ್ತಾರೆ, ಅಷ್ಟೇ. ಇದಕ್ಕೆ ಹತ್ತಿರದ ಇನ್ನೊಂದು ಗುಣವೆಂದರೆ, ಯಾರಾದರೂ ‘ಹೀಗೆ ಮಾಡಿ’ ಎಂದೊಡನೆ ಒಳಗಿನಿಂದ ಎದುರು ನಿಲ್ಲುವ ಪ್ರವೃತ್ತಿ. ಅಂಥವರಿಗೆ ಕಡಿಮೆ ನಿರ್ದೇಶಿಸುವ, ದಾರಿಯನ್ನು ಅವರಿಗೇ ಬಿಡುವ ಚಿಕಿತ್ಸೆ ಹೆಚ್ಚು ಒಗ್ಗುತ್ತದೆ ಎಂಬುದನ್ನು ಲ್ಯಾರಿ ಬ್ಯೂಟ್ಲರ್ ಅವರ ಸಂಶೋಧನೆಗಳು ಹೇಳುತ್ತವೆ. ಅದೇ ಸಡಿಲತೆ ಇನ್ನೊಬ್ಬರಿಗೆ ನಡುನೀರಿನಲ್ಲಿ ಕೈಬಿಟ್ಟಂತೆ ಅನ್ನಿಸೀತು.

ಇಷ್ಟೆಲ್ಲ ಕೇಳಿದ ಮೇಲೆ ‘ನಿಧಾನವೇ ಪ್ರಧಾನ’ ಎಂಬ ಗಾದೆ ನಿಮ್ಮ ನಾಲಿಗೆಯ ತುದಿಗೆ ಬಂದಿರಬಹುದು. ಚಿಕಿತ್ಸೆಯಲ್ಲಿ ಆ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ನಿಧಾನದಲ್ಲಿ ಎರಡು ಬಗೆ. ಒಂದು ಮಾಗುವ ನಿಧಾನ, ಇನ್ನೊಂದು ತಪ್ಪಿಸಿಕೊಳ್ಳುವ ನಿಧಾನ. ಗೀಳಿನ ಕಾಯಿಲೆಯಲ್ಲಿ ದಿನಕ್ಕೆ ಹತ್ತಾರು ಸಲ ಕೈತೊಳೆಯುವವರ ಬಳಿ ಕೊಳೆಯ ಭಯದ ಮೂಲವನ್ನು ವರ್ಷಗಟ್ಟಲೆ ಚರ್ಚಿಸುತ್ತ ಕೂರುವುದು ಆಳವಾದ ಕೆಲಸದಂತೆ ಕಾಣುತ್ತದೆ. ಆದರೆ ಭಯಪಡುವ ವಸ್ತುವನ್ನು ಮುಟ್ಟಿ, ತೊಳೆಯದೆ ತಡೆದುಕೊಂಡು, ಆತಂಕ ತಾನಾಗಿ ಇಳಿಯುವುದನ್ನು ಅನುಭವಿಸುವ ವಿಧಾನವನ್ನು ವಿಕ್ಟರ್ ಮೇಯರ್ 1966ರಲ್ಲೇ ವರದಿ ಮಾಡಿದ್ದರು. ಅದು ಇಂದಿಗೂ ಈ ಕಾಯಿಲೆಗೆ ಅತ್ಯಂತ ಭರವಸೆಯ ಚಿಕಿತ್ಸೆಗಳಲ್ಲೊಂದು. ಬೇಗ ಸಿಗಬಹುದಾದ ಬಿಡುಗಡೆಯನ್ನು ಆಳದ ಹೆಸರಿನಲ್ಲಿ ಮುಂದೂಡುವುದು ತಪ್ಪು. ಹಾಗೆಯೇ, ಕಷ್ಟದ ಮಾತು ಬಂದಾಗಲೆಲ್ಲ ಇಬ್ಬರೂ ಸೇರಿ ಹಿತವಾದ ಮಾತಿಗೆ ಜಾರುವುದೂ ಉಂಟು; ಅದರಲ್ಲಿ ಚಿಕಿತ್ಸಕರ ಪಾಲೂ ಇರುತ್ತದೆ.

ಈ ಎರಡು ನಿಧಾನಗಳನ್ನು ಬೇರ್ಪಡಿಸುವುದು ಹೇಗೆ? ಕಣ್ಣಂದಾಜು ಸಾಲದು ಎಂಬುದನ್ನು ಮೈಕೇಲ್ ಲ್ಯಾಂಬರ್ಟ್ ಅವರ ಕೆಲಸ ತೋರಿಸಿಕೊಟ್ಟಿದೆ. ಚಿಕಿತ್ಸೆಗೆ ಬರುವ ವಯಸ್ಕರಲ್ಲಿ ಶೇ. 5ರಿಂದ 10ರಷ್ಟು ಜನ ಬಂದಾಗ ಇದ್ದದ್ದಕ್ಕಿಂತ ಹದಗೆಡುತ್ತಾರೆ, ಮತ್ತು ಅವರು ಯಾರೆಂದು ಚಿಕಿತ್ಸಕರು ಮುಂಚಿತವಾಗಿ ಗುರುತಿಸುವುದು ಬಹಳ ಕಡಿಮೆ. ಪ್ರತಿ ಸೆಷನ್‌ಗೆ ಮುನ್ನ ಬಂದವರು ತಮ್ಮ ಸ್ಥಿತಿಯನ್ನು ಒಂದು ಚಿಕ್ಕ ಪ್ರಶ್ನಾವಳಿಯಲ್ಲಿ ಗುರುತು ಹಾಕಿ, ಅದನ್ನು ಚಿಕಿತ್ಸಕರು ನಿಜವಾಗಿ ನೋಡಿದರೆ, ದಾರಿ ತಪ್ಪುತ್ತಿರುವವರಿಗೆ ಹೆಚ್ಚಿನ ಸಹಾಯವಾಗುತ್ತದೆ. ಐದು ನಿಮಿಷದ ಕೆಲಸ. ನನಗೆ ಇದು ಮೊದಲು ಯಾಂತ್ರಿಕ ಎನಿಸಿತ್ತು. ಈಗ ಆ ಹಾಳೆಯಿಲ್ಲದೆ ಕೂರಲು ಹಿಂಜರಿಯುತ್ತೇನೆ.

ಹಾಳೆಗೆ ಸಿಗದ ಸಂಗತಿಗಳೂ ಇವೆ. ಲೆಕ್ಕಪತ್ರದ ಕೆಲಸ ಮಾಡುವ ಮಹಿಳೆಯೊಬ್ಬರು ನಿದ್ದೆ ಬಾರದೆಂದು ಬಂದರು. ಹನ್ನೊಂದು ವಾರ ಅವರು ಮಾತನಾಡಿದ್ದು ಕಚೇರಿಯ ಕಡತಗಳ ಬಗ್ಗೆ. ಯಾವ ಕಡತ ಯಾರ ಮೇಜಿನಲ್ಲಿ ನಿಂತಿದೆ, ಯಾವುದಕ್ಕೆ ಸಹಿಯಾಗಿಲ್ಲ, ಯಾರು ಯಾರ ಮೇಲೆ ಹಾಕಿದರು. ನನಗೆ ಅಸಹನೆ ಬೆಳೆಯುತ್ತಿತ್ತು. ನನ್ನ ಮಾರ್ಗದರ್ಶಕರ ಬಳಿ ಹೇಳಿಕೊಂಡಾಗ ಅವರು ಕೇಳಿದ್ದು ಎರಡೇ ಪ್ರಶ್ನೆ: ‘ಒಂದು ವಾರವಾದರೂ ತಪ್ಪಿಸಿದ್ದಾರೆಯೇ? ತಡವಾಗಿ ಬಂದಿದ್ದಾರೆಯೇ?’ ಎರಡೂ ಇಲ್ಲ. ‘ಹಾಗಾದರೆ ಅವರು ಅಲ್ಲಿ ಏನೋ ಮಾಡುತ್ತಿದ್ದಾರೆ, ನಿನಗೆ ಕಂಡಿಲ್ಲ.’ ಮುಂದಿನ ವಾರ ಆಕೆ ಒಂದು ಕಡತದ ಸುದ್ದಿ ಎತ್ತಿದಾಗ, ‘ಎರಡು ತಿಂಗಳ ಹಿಂದೆ ಮೂರನೇ ಪುಟದ ಮೊತ್ತ ತಾಳೆಯಾಗುತ್ತಿಲ್ಲ ಎಂದಿದ್ದಿರಲ್ಲ, ಅದೇ ತಾನೇ?’ ಎಂದೆ. ಆಕೆ ಕೈಯಲ್ಲಿ ತಿರುಗಿಸುತ್ತಿದ್ದ ನೀರಿನ ಬಾಟಲಿಯ ಮುಚ್ಚಳ ನಿಂತಿತು. ‘ನಿಮಗೆ ನೆನಪಿದೆಯಾ?’ ಎಂದರು. ಅವರ ಮನೆಯಲ್ಲಿ ಅವರು ಹೇಳಿದ ಯಾವುದೂ ಯಾರಿಗೂ ನೆನಪಿರುತ್ತಿರಲಿಲ್ಲ ಎಂಬ ಮಾತು ಅಂದು ಮೊದಲ ಬಾರಿಗೆ ಬಂತು. ನಾನು ಆಳವೆಲ್ಲಿ ಎಂದು ಹುಡುಕುತ್ತಿದ್ದ ಆ ಹನ್ನೊಂದು ವಾರವೂ ಆಕೆ ನನ್ನನ್ನು ಪರೀಕ್ಷಿಸುತ್ತಿದ್ದರು, ಮತ್ತು ಹಾಗೆ ಪರೀಕ್ಷಿಸುವ ಎಲ್ಲ ಹಕ್ಕೂ ಅವರಿಗಿತ್ತು.

ಒಬ್ಬರೊಳಗೇ ವೇಗ ಬದಲಾಗುವುದನ್ನು ಕುರಿತು ಫ್ರಾಯ್ಡ್ ಹೇಳಿದ ತಿದ್ದುಪಡಿಗೆ ಮರಳುತ್ತೇನೆ. ಟೋನಿ ಟ್ಯಾಂಗ್ ಮತ್ತು ರಾಬರ್ಟ್ ಡಿರುಬೈಸ್ 1999ರಲ್ಲಿ ಖಿನ್ನತೆಗೆ ಅರಿವಿನ ಚಿಕಿತ್ಸೆ (ಯೋಚನೆಯ ಧಾಟಿಯನ್ನು ಪರೀಕ್ಷಿಸಿ ತಿದ್ದಿಕೊಳ್ಳಲು ಕಲಿಸುವ ಚಿಕಿತ್ಸೆ) ಪಡೆಯುತ್ತಿದ್ದವರ ವಾರವಾರದ ಅಂಕಗಳನ್ನು ನೋಡಿದಾಗ, ಕೆಲವರಲ್ಲಿ ಒಂದು ಸೆಷನ್‌ಗೂ ಮುಂದಿನದಕ್ಕೂ ನಡುವೆ ದೊಡ್ಡ ಜಿಗಿತ ಕಂಡಿತು. ಅವರ ಸುಧಾರಣೆ ಒಂದೇ ಸಮನಾಗಿ ಏರಿದ್ದಾಗಿರಲಿಲ್ಲ. ವಾರಗಟ್ಟಲೆ ಕದಲದೆ ಇದ್ದದ್ದು ಏಕಾಏಕಿ ಕದಲಿತ್ತು. ಹೋವರ್ಡ್ ಬಳಗವೇ 1993ರಲ್ಲಿ ಇನ್ನೊಂದು ಮಾತು ಹೇಳಿತು: ಮೊದಲು ಮರಳುವುದು ಭರವಸೆ, ಆಮೇಲೆ ಇಳಿಯುವುದು ರೋಗಲಕ್ಷಣ, ಎಲ್ಲಕ್ಕಿಂತ ನಿಧಾನವಾಗಿ ಸರಿಹೋಗುವುದು ಬದುಕುವ ರೀತಿ, ಅಂದರೆ ಸಂಬಂಧ, ಕೆಲಸ, ತನ್ನನ್ನು ತಾನು ನಡೆಸಿಕೊಳ್ಳುವ ಬಗೆ. ಮನೆಯವರಿಗೆ ಇದು ಗೊತ್ತಿರುವುದು ಅಗತ್ಯ. ‘ಈಗ ನಗುತ್ತಾನಲ್ಲ, ಊಟ ಮಾಡುತ್ತಾನಲ್ಲ, ಇನ್ನೂ ಏಕೆ ಹೋಗಬೇಕು?’ ಎಂದು ಕೇಳುವ ತಾಯಂದಿರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಭರವಸೆ ಮರಳಿದ್ದಷ್ಟೇ ಅವರಿಗೆ ಕಾಣುತ್ತಿರುತ್ತದೆ. ಹಾಗೆಯೇ ಭರವಸೆ ಮರಳಿದಷ್ಟಕ್ಕೇ ಸಾಕೆಂದು ಹೊರಡುವವರೂ ಇದ್ದಾರೆ. ಅವರಿಗೆ ಆ ಕ್ಷಣಕ್ಕೆ ಬೇಕಾದದ್ದು ಅಷ್ಟೇ ಆಗಿದ್ದರೆ ಅದು ಅರ್ಧಕ್ಕೆ ಬಿಟ್ಟ ಚಿಕಿತ್ಸೆಯಲ್ಲ. ಕೆಲವರು ಮೂರು ವರ್ಷದ ನಂತರ ಮತ್ತೆ ಬಂದು, ನಿಲ್ಲಿಸಿದ ವಾಕ್ಯದಿಂದಲೇ ಮುಂದುವರಿಸಿದ್ದಾರೆ.

ಈಗ ಯಾರಾದರೂ ‘ಎಷ್ಟು ಸೆಷನ್?’ ಎಂದು ಕೇಳಿದರೆ ನಾನು ಹೇಳುವುದು ಇಷ್ಟು: ‘ನಾಲ್ಕು ಸಲ ಭೇಟಿಯಾಗೋಣ. ನಾಲ್ಕನೆಯ ದಿನ ನೀವು ಇದೇ ಪ್ರಶ್ನೆಯನ್ನು ಮತ್ತೆ ಕೇಳಿ, ನಾನೂ ನಿಮ್ಮನ್ನು ಕೇಳುತ್ತೇನೆ. ನಡುವೆ ನಾನು ಹೆಚ್ಚು ಬೇಗ ಹೋಗುತ್ತಿದ್ದೇನೆ ಅಥವಾ ಸುಮ್ಮನೆ ಕಾಲ ಕಳೆಯುತ್ತಿದ್ದೇನೆ ಎನ್ನಿಸಿದರೆ ಅದನ್ನೂ ಹೇಳಿ.’ ಈಚೆಗೆ ಹಿರಿಯರೊಬ್ಬರು ಇದನ್ನು ಕೇಳಿಸಿಕೊಂಡು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ‘ಹಾಗಾದರೆ ನಾನು ನಿಧಾನವಾಗಿ ಹೇಳಬಹುದೇ?’ ಎಂದರು. ಹೇಳಬಹುದು ಎಂದೆ. ಅವರು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಉಳಿದಿದ್ದ ಹದಿನೈದು ನಿಮಿಷವನ್ನು ಹೆಚ್ಚುಕಡಿಮೆ ಮೌನವಾಗಿಯೇ ಕಳೆದರು. ಮುಂದಿನ ವಾರ ನಾನು ಬಾಗಿಲು ತೆರೆಯುವ ಹೊತ್ತಿಗೆ ಹೊರಗಿನ ಕುರ್ಚಿಯಲ್ಲಿ ಬಂದು ಕೂತಿದ್ದರು, ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮೊದಲೇ.